ಬಚ್ಚಲಿನಲ್ಲಿ ಕೂದಲು ಕಟ್ಟಿಕೊಳ್ಳುವುದು

ಸ್ನಾನದ ನೀರು ಹರಿದುಹೋಗುವ ಜಾಲಿ, ಟ್ರ್ಯಾಪ್ ಮತ್ತು ಪೈಪುಗಳಲ್ಲಿ ಉದುರಿದ ತಲೆಗೂದಲು ಸಿಕ್ಕಿಕೊಂಡು, ಅದಕ್ಕೆ ಸಾಬೂನಿನ ಗಸಿಯೂ ಎಣ್ಣೆಯ ಜಿಡ್ಡೂ ಸೇರಿ, ನೀರಿನ ಹರಿವು ನಿಧಾನವಾಗುವ ಅಥವಾ ಪೂರ್ತಿ ನಿಂತುಹೋಗುವ ತೊಂದರೆ. ಅಡುಗೆಮನೆಯ ಸಿಂಕು ಕಟ್ಟುವುದು ಹೆಚ್ಚಾಗಿ ಜಿಡ್ಡು ಮತ್ತು ಮುಸುರೆಯಿಂದ; ಶೌಚಾಲಯ ಕಟ್ಟುವುದು ಬಟ್ಟೆ, ಪ್ಯಾಡು ಮುಂತಾದವನ್ನು ಹಾಕುವುದರಿಂದ; ಬಚ್ಚಲು ಕಟ್ಟುವುದು ಬಹುತೇಕ ಕೂದಲಿನಿಂದ. ಕೂದಲು ನೀರಿನಲ್ಲಿ ಕರಗುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ಹಾಗಾಗಿ ಈ ತೊಂದರೆಗೆ ಕೂದಲನ್ನು ಹೊರಗೆಳೆದು ತೆಗೆಯುವುದೇ ಸರಿಯಾದ ಪರಿಹಾರ. ಏನನ್ನಾದರೂ ಸುರಿದು ಕರಗಿಸುವ ಪ್ರಯತ್ನವಾಗಲಿ, ಕೋಲು ಹಾಕಿ ಮುಂದಕ್ಕೆ ತಳ್ಳುವುದಾಗಲಿ ಹೆಚ್ಚಿನ ಸಂದರ್ಭಗಳಲ್ಲಿ ತೊಂದರೆಯನ್ನು ಮುಂದೂಡುತ್ತದೆ, ಕೆಲವೊಮ್ಮೆ ಹೆಚ್ಚಿಸುತ್ತದೆ.

ಹಳೆಯ ಮನೆಗಳಲ್ಲಿ ಇದು ಇಷ್ಟು ಕಾಡುತ್ತಿರಲಿಲ್ಲ. ಹಂಡೆಯ ಒಲೆ, ಬಚ್ಚಲ ಕಲ್ಲು, ಗೋಡೆಯ ಬುಡದಲ್ಲೊಂದು ತೂತು, ಅಲ್ಲಿಂದ ಹಿತ್ತಲಿನ ಬಾಳೆಗೋ ಕೆಸುವಿನ ಪಾತಿಗೋ ಹರಿಯುವ ತೆರೆದ ಕಾಲುವೆ, ಇಷ್ಟೇ ಅಂದಿನ ಏರ್ಪಾಡು. ಕೂದಲು ತೂತಿನ ಬಾಯಲ್ಲಿ ಸಿಕ್ಕಿಕೊಂಡರೆ ಕಣ್ಣಿಗೆ ಕಾಣುತ್ತಿತ್ತು, ಒಂದು ಕಡ್ಡಿಯಿಂದ ಎತ್ತಿ ತೆಗೆದರೆ ಮುಗಿಯುತ್ತಿತ್ತು. ಮನೆಗಳು ಮಹಡಿಯ ಮೇಲೆ ಮಹಡಿಯಾಗಿ ಎದ್ದು, ಕೊಳಾಯಿ ನೆಲದಡಿಗೆ ಮತ್ತು ಗೋಡೆಯೊಳಗೆ ಹೋದ ಮೇಲೆ ಕೂದಲು ಕಾಣದ ಜಾಗದಲ್ಲಿ ಸೇರತೊಡಗಿತು. ಕಟ್ಟಿಕೊಂಡದ್ದು ಗೊತ್ತಾಗುವ ಹೊತ್ತಿಗೆ ತಿಂಗಳುಗಟ್ಟಲೆಯ ಕೂದಲು ಒಳಗಿರುತ್ತದೆ.

ಟ್ರ್ಯಾಪ್ ಮತ್ತು ಅದರ ಬಾಗು

ಕೂದಲು ಎಲ್ಲಿ ನಿಲ್ಲುತ್ತದೆ ಎಂಬುದು ತಿಳಿಯಬೇಕಾದರೆ ಟ್ರ್ಯಾಪಿನ ರಚನೆ ತಿಳಿದಿರಬೇಕು. ಕರ್ನಾಟಕದ ಮನೆಗಳ ಬಚ್ಚಲ ನೆಲದಲ್ಲಿ ಕೂರಿಸುವ ಸಾಧನವನ್ನು ಪ್ಲಂಬರುಗಳು ನಹಾನಿ ಟ್ರ್ಯಾಪ್ ಅಥವಾ ಫ್ಲೋರ್ ಟ್ರ್ಯಾಪ್ ಎನ್ನುತ್ತಾರೆ. ಮೇಲೆ ಸ್ಟೀಲಿನ ಜಾಲಿ, ಕೆಳಗೆ ಬಾಗಿದ ಕೊಳವೆ. ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ. ಸಾಮಾನ್ಯವಾಗಿ 50 ಮಿಲಿಮೀಟರ್ ಆಳದ ಈ ನೀರೇ ಚರಂಡಿಯ ದುರ್ವಾಸನೆ, ಅನಿಲ, ಜಿರಲೆ ಮನೆಯೊಳಗೆ ಬಾರದಂತೆ ತಡೆಯುವ ಬಾಗಿಲು. ನೀರನ್ನೇ ತಡೆಯಾಗಿ ಬಳಸುವ ಬಾಗಿದ ಕೊಳವೆಗೆ ಅಲೆಕ್ಸಾಂಡರ್ ಕಮ್ಮಿಂಗ್ 1775ರಲ್ಲಿ ಬ್ರಿಟನ್ನಿನಲ್ಲಿ ಶೌಚಾಲಯದ ಪೇಟೆಂಟಿನ ಭಾಗವಾಗಿ ಹಕ್ಕು ಪಡೆದ. ಇಂದಿಗೂ ಅದೇ ತತ್ತ್ವ ಎಲ್ಲೆಡೆ ಬಳಕೆಯಲ್ಲಿದೆ.

ವಾಸನೆಯನ್ನು ತಡೆಯುವ ಬಾಗೇ ಕೂದಲಿಗೂ ತಡೆಯಾಗುತ್ತದೆ. ನೇರ ಕೊಳವೆಯಲ್ಲಿ ಇಳಿದುಹೋಗಬಹುದಾದ ಎಳೆ ಇಲ್ಲಿ ವೇಗ ಕಳೆದುಕೊಂಡು ಗೋಡೆಗೆ ಅಂಟುತ್ತದೆ. ಕೆಲವು ಟ್ರ್ಯಾಪುಗಳಲ್ಲಿ ಕೈಯಿಂದ ಎತ್ತಿ ತೆಗೆಯಬಹುದಾದ ಬಟ್ಟಲಿನಂಥ ಕಪ್ ಇರುತ್ತದೆ. ಆಗ ಕೂದಲು ಸುತ್ತಿಕೊಳ್ಳುವುದು ಅದರ ಅಂಚಿಗೆ. ನಮ್ಮ ಅನೇಕ ಮನೆಗಳಲ್ಲಿ ವಾಷ್‌ಬೇಸಿನ್ನಿನ ನೀರನ್ನೂ ಇದೇ ಟ್ರ್ಯಾಪಿಗೆ ಸೇರಿಸಿರುತ್ತಾರೆ. ಹಾಗಾಗಿ ಕ್ಷೌರದ ಚೂರುಗೂದಲು, ಟೂತ್‌ಪೇಸ್ಟಿನ ಗಸಿ ಕೂಡ ಇಲ್ಲಿಗೇ ಬರುತ್ತವೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಷವರಿನ ಕೊಳವೆ ಸಾಮಾನ್ಯವಾಗಿ 2 ಅಂಗುಲ, ಸ್ನಾನದ ತೊಟ್ಟಿಯದು ಒಂದೂವರೆ ಅಂಗುಲ. ತೊಟ್ಟಿಯ ಬಾಯಿಗೆ ಮುಚ್ಚಳವೂ ಅದರಡಿ ಅಡ್ಡಪಟ್ಟಿಯೂ ಇರುತ್ತವೆ. ಉದ್ದ ಕೂದಲು ಮೊದಲು ಸುತ್ತಿಕೊಳ್ಳುವುದು ಆ ಅಡ್ಡಪಟ್ಟಿಗೆ. ಮುಚ್ಚಳ ಬಿಚ್ಚಿ ಅದನ್ನು ತೆಗೆದರೆ ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತದೆ. ನಮ್ಮಲ್ಲಿ ನೆಲದ ಟ್ರ್ಯಾಪಿನ ಹೊರಕೊಳವೆ ಸಾಮಾನ್ಯವಾಗಿ 75 ಅಥವಾ 110 ಮಿಲಿಮೀಟರಿನದು. ಇಷ್ಟು ಅಗಲವಿದ್ದೂ ಕಟ್ಟಿಕೊಳ್ಳುವುದಕ್ಕೆ ಮುಖ್ಯ ಕಾರಣ ಕಟ್ಟಡದ ಕೆಲಸದ ಹುಳುಕು. ಟೈಲ್ಸ್ ಹಾಕುವಾಗ ಟ್ರ್ಯಾಪಿನ ಬಾಯಿ ಮುಚ್ಚದೆ ಬಿಟ್ಟರೆ ಸಿಮೆಂಟು ಒಳಗೆ ಬಿದ್ದು ಗಟ್ಟಿಯಾಗುತ್ತದೆ. ಆ ಒರಟು ಮೈಗೆ, ಕೊಯ್ದ ಪೈಪಿನ ಸವರದ ಅಂಚಿಗೆ, ಒಳಗೆ ಚಾಚಿದ ಸ್ಕ್ರೂವಿನ ತುದಿಗೆ ಮೊದಲ ಎಳೆ ಸಿಕ್ಕುತ್ತದೆ. ಹೊಸ ಮನೆಗೆ ಹೋದ ಆರು ತಿಂಗಳಲ್ಲೇ ಬಚ್ಚಲು ಪದೇ ಪದೇ ಕಟ್ಟುತ್ತಿದ್ದರೆ ಕೂದಲಿಗಿಂತ ಮೊದಲು ಅನುಮಾನಿಸಬೇಕಾದ್ದು ಈ ಸಿಮೆಂಟನ್ನು.

ಕೂದಲು ಗಂಟಾಗುವ ಬಗೆ

ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ತಲೆಸ್ನಾನವನ್ನು ವಾರಕ್ಕೊಮ್ಮೆ ಮಾಡುವವರಲ್ಲಿ ಬುಡ ಸಡಿಲಗೊಂಡ ಕೂದಲು ಜಡೆಯಲ್ಲೇ ಉಳಿದಿದ್ದು ಆ ಒಂದು ದಿನ ಒಟ್ಟಿಗೆ ಬರುತ್ತದೆ. ಹೆರಿಗೆಯಾದ ಎರಡು ಮೂರು ತಿಂಗಳ ನಂತರ, ದೊಡ್ಡ ಜ್ವರ ಬಂದುಹೋದ ನಂತರ ಉದುರುವಿಕೆ ಕೆಲವು ಕಾಲ ಹೆಚ್ಚುತ್ತದೆ. ಬಾಣಂತಿ ಇರುವ ಮನೆಯಲ್ಲಿ ಬಚ್ಚಲು ಬೇಗ ಕಟ್ಟುವುದಕ್ಕೆ ಇದು ಕಾರಣ. ಜಾಲಿಯ ಮೇಲೆ ಕೂದಲಿನ ಉಂಡೆ ಕಂಡು ಗಾಬರಿಯಾಗಬೇಕಿಲ್ಲ, ಇದು ಸಾಮಾನ್ಯವಾಗಿ ತಾನಾಗಿಯೇ ಕಡಿಮೆಯಾಗುತ್ತದೆ. ತಿಂಗಳುಗಟ್ಟಲೆ ಹಾಗೆಯೇ ಮುಂದುವರಿದರೆ ಮಾತ್ರ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು. ಅದರ ಉದ್ದುದ್ದ ಅಣುಗಳನ್ನು ಗಂಧಕದ ಬಂಧಗಳು ಒಂದಕ್ಕೊಂದು ಬಿಗಿದಿರುತ್ತವೆ. ಅದರಿಂದಲೇ ಅದಕ್ಕೆ ಗಟ್ಟಿತನ, ಅದರಿಂದಲೇ ಕೊಳೆಯದ ಗುಣ. ಸಾವಿರಾರು ವರ್ಷ ಹಿಂದಿನ ಈಜಿಪ್ಟಿನ ಮಮ್ಮಿಗಳ ತಲೆಯಲ್ಲಿ ಕೂದಲು ಇನ್ನೂ ಉಳಿದಿದೆ. ಕೆಲವು ಜಾತಿಯ ಶಿಲೀಂಧ್ರಗಳೂ ಬ್ಯಾಕ್ಟೀರಿಯಾಗಳೂ ಅದನ್ನು ಅರಗಿಸಬಲ್ಲವಾದರೂ ಬಚ್ಚಲ ಪೈಪಿನಲ್ಲಿ ಆ ಕೆಲಸ ನಡೆಯುವುದು ನಮಗೆ ಉಪಯೋಗವಾಗುವ ವೇಗದಲ್ಲಿ ಅಲ್ಲ.

ಎಳೆಯ ಮೈ ನುಣುಪಾಗಿ ಕಂಡರೂ ಸೂಕ್ಷ್ಮದರ್ಶಕದಡಿ ಹೆಂಚು ಹೊದಿಸಿದ ಮಾಡಿನಂತೆ ಪದರಪದರವಾಗಿರುತ್ತದೆ. ಪದರಗಳೆಲ್ಲ ತುದಿಯ ಕಡೆಗೆ ಬಾಗಿರುವುದರಿಂದ ಎಳೆ ಒಂದು ದಿಕ್ಕಿನಲ್ಲಿ ಸುಲಭವಾಗಿ ಜಾರುತ್ತದೆ, ಇನ್ನೊಂದು ದಿಕ್ಕಿನಲ್ಲಿ ತಡೆಯುತ್ತದೆ. ನೀರಿನ ಅಲುಗಾಟದಲ್ಲಿ ಎಳೆಗಳು ಒಂದರೊಳಗೊಂದು ನುಗ್ಗುತ್ತವೆ, ಹಿಂದೆ ಬರಲಾರವು. ಉಣ್ಣೆ ಒಗೆದಾಗ ಗಂಟಾಗುವುದೂ ಇದೇ ಕಾರಣಕ್ಕೆ. ಹೀಗೆ ಮೊದಲ ಎಳೆ ಎಲ್ಲೋ ಸಿಕ್ಕಿ, ಅದಕ್ಕೆ ಹತ್ತು, ಹತ್ತಕ್ಕೆ ನೂರು ಸೇರಿ ಕೊಳವೆಗೆ ಅಡ್ಡಲಾಗಿ ಬಲೆಯೊಂದು ತಯಾರಾಗುತ್ತದೆ.

ಬಲೆಯೊಂದೇ ಇದ್ದರೆ ನೀರು ನಿಲ್ಲದು. ಅದನ್ನು ಮುಚ್ಚುವುದು ಸಾಬೂನಿನ ಗಸಿ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸಾಬೂನಿನ ಕೊಬ್ಬಿನಾಮ್ಲದೊಂದಿಗೆ ಸೇರಿ ನೀರಿನಲ್ಲಿ ಕರಗದ ಬಿಳಿ ವಸ್ತುವಾಗುತ್ತವೆ. ಬಕೆಟ್ಟಿನ ಒಳಗೋಡೆಗೂ ಟೈಲ್ಸಿಗೂ ಅಂಟುವ ಬಿಳಿ ಪೊರೆಯಲ್ಲಿ ಇದರ ಪಾಲು ದೊಡ್ಡದು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಒಟ್ಟು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿ ಹೇಳುತ್ತದೆ. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. ಬೋರ್‌ವೆಲ್ ನೀರನ್ನೇ ನಂಬಿದ ಬೆಂಗಳೂರಿನ ಹೊರವಲಯ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಗಡಸುತನದ ತಾಪತ್ರಯ ಚೆನ್ನಾಗಿ ಗೊತ್ತಿರುವಂಥದು. ಕಾವೇರಿ ನೀರು ಬರುವ ಮನೆಗಳಿಗಿಂತ ಇಂಥ ಮನೆಗಳಲ್ಲಿ ಗಸಿ ಬೇಗ ಕಟ್ಟುತ್ತದೆ. ಶಾಂಪೂಗಳಲ್ಲಿ ಬಳಸುವ ಡಿಟರ್ಜೆಂಟು ಕ್ಯಾಲ್ಸಿಯಮ್ಮಿನೊಂದಿಗೆ ಇಷ್ಟು ಗಸಿ ಮಾಡುವುದಿಲ್ಲ.

ಎಣ್ಣೆನೀರಿನ ಸ್ನಾನಕ್ಕೆ ಇಲ್ಲಿ ವಿಶೇಷ ಪಾತ್ರವಿದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನ ಬೆಳಗ್ಗೆ ಶೀಶೆಯಲ್ಲಿ ಹೆಪ್ಪುಗಟ್ಟುವ ಎಣ್ಣೆ ತಣ್ಣಗಿನ ಟ್ರ್ಯಾಪಿನಲ್ಲೂ ಹೆಪ್ಪುಗಟ್ಟುತ್ತದೆ, ಕೂದಲ ಬಲೆಗೆ ಮೆತ್ತಿಕೊಳ್ಳುತ್ತದೆ. ಹರಳೆಣ್ಣೆ ಹಾಗೆ ಗಟ್ಟಿಯಾಗದಿದ್ದರೂ ಅದರ ಅಂಟು ಹೆಚ್ಚು. ಸೀಗೇಪುಡಿ ಮತ್ತು ಅಂಟುವಾಳದ ನೊರೆ ಸಾಪೋನಿನ್ನಿನಿಂದ ಬರುವುದರಿಂದ ಗಡಸು ನೀರಿನಲ್ಲೂ ಸಾಬೂನಿನಂತೆ ಗಸಿ ಕಟ್ಟುವುದಿಲ್ಲ, ಇದು ಅವುಗಳ ಒಳ್ಳೆಯ ಗುಣ. ಆದರೆ ಪುಡಿಯ ನಾರು, ಕಡಲೆಹಿಟ್ಟಿನ ಗಷ್ಟ ಟ್ರ್ಯಾಪಿನ ತಳದಲ್ಲಿ ಕೂರುತ್ತವೆ. ಯುಗಾದಿ, ನರಕ ಚತುರ್ದಶಿಯ ದಿನ ಮನೆಮಂದಿಯೆಲ್ಲ ಅಭ್ಯಂಜನ ಮಾಡಿದ ಮೇಲೆ ಬಚ್ಚಲಲ್ಲಿ ನೀರು ನಿಂತರೆ ಆಶ್ಚರ್ಯವಿಲ್ಲ. ಇದಕ್ಕಾಗಿ ಎಣ್ಣೆಸ್ನಾನ ಬಿಡಬೇಕಿಲ್ಲ. ಸೀಗೇಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿ ಬಟ್ಟೆಯಲ್ಲಿ ಸೋಸಿ ತಿಳಿಯನ್ನು ಬಳಸಿದರೆ ಸಾಕು.

ಇವೆಲ್ಲದರ ಮೇಲೆ ಬ್ಯಾಕ್ಟೀರಿಯಾಗಳು ಲೋಳೆ ಕಟ್ಟುತ್ತವೆ. ಜಾಲಿಯ ಸುತ್ತ ಹಾರುವ, ಚಿಟ್ಟೆಯಂತೆ ರೋಮದ ರೆಕ್ಕೆಯಿರುವ ಸಣ್ಣ ನೊಣಗಳು ಮೊಟ್ಟೆಯಿಡುವುದು ಈ ಲೋಳೆಯಲ್ಲಿ. ಅವುಗಳಿಗೆ ಕೀಟನಾಶಕ ಹೊಡೆಯುವುದರಿಂದ ಪ್ರಯೋಜನ ಕಡಿಮೆ. ಲೋಳೆ ಉಜ್ಜಿ ತೆಗೆದರೆ ಅವು ಹೋಗುತ್ತವೆ.

ತೆಗೆಯುವ ಕ್ರಮ

ನೀರು ಒಮ್ಮೆಲೇ ನಿಲ್ಲುವುದು ಅಪರೂಪ. ಮೊದಲು ಸ್ನಾನ ಮುಗಿದ ಮೇಲೂ ಪಾದ ಮುಳುಗುವಷ್ಟು ನೀರು ಉಳಿಯುತ್ತದೆ, ಆಮೇಲೆ ಗುಳುಗುಳು ಸದ್ದು, ಆಮೇಲೆ ವಾಸನೆ. ಕೈ ಹಾಕುವ ಮುನ್ನ ಎಲ್ಲಿ ಕಟ್ಟಿದೆ ಎಂದು ನೋಡಬೇಕು. ಒಂದು ಬಚ್ಚಲಿನ ನೀರು ಮಾತ್ರ ನಿಂತು ಬೇರೆಡೆ ಸಲೀಸಾಗಿ ಹೋಗುತ್ತಿದ್ದರೆ ಕೂದಲು ಆ ಟ್ರ್ಯಾಪಿನಲ್ಲೇ ಇದೆ. ಮನೆಯ ಎಲ್ಲ ಕಡೆಯೂ ನಿಧಾನವಾಗಿದ್ದರೆ ತೊಂದರೆ ಮುಂದಿನ ಪೈಪಿನಲ್ಲೋ ಹೊರಗಿನ ಛೇಂಬರಿನಲ್ಲೋ ಇದೆ. ಮೇಲಿನ ಮನೆಯವರು ಸ್ನಾನ ಮಾಡಿದಾಗ ಕೆಳಗಿನ ಮನೆಯ ಜಾಲಿಯಿಂದ ನೀರು ಉಕ್ಕಿದರೆ ಅದು ಎಲ್ಲರಿಗೂ ಸೇರಿದ ಉದ್ದ ಪೈಪಿನ ತೊಂದರೆ, ಒಬ್ಬರ ಬಚ್ಚಲನ್ನು ಕೆದಕಿ ಫಲವಿಲ್ಲ.

ಟ್ರ್ಯಾಪಿನಲ್ಲೇ ಇದ್ದರೆ ರಬ್ಬರ್ ಗ್ಲೌಸು, ಟಾರ್ಚು, ಸ್ಕ್ರೂಡ್ರೈವರು, ತುದಿ ಬಾಗಿಸಿದ ಗಟ್ಟಿ ತಂತಿ ಸಾಕು. ಇಕ್ಕೆಲದಲ್ಲೂ ಮುಳ್ಳಿರುವ ತೆಳು ಪ್ಲಾಸ್ಟಿಕ್ ಪಟ್ಟಿಗಳು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತವೆ, ಬೆಲೆಯೂ ಕಡಿಮೆ. ಕೂದಲಿಗೆಂದೇ ಮಾಡಿದ ಇದಕ್ಕಿಂತ ಒಳ್ಳೆಯ ಸಾಧನ ಮನೆಬಳಕೆಗೆ ಇಲ್ಲ. ಜಾಲಿ ಬಿಚ್ಚಿ ಮೊದಲು ಅದರ ಅಡಿಯನ್ನು ನೋಡಬೇಕು, ಅರ್ಧ ಕೂದಲು ಅಲ್ಲೇ ಜೋತುಬಿದ್ದಿರುತ್ತದೆ. ಕಪ್ ಇದ್ದರೆ ಎತ್ತಿ ತೊಳೆಯಬೇಕು. ನಂತರ ತಂತಿಯನ್ನೋ ಪಟ್ಟಿಯನ್ನೋ ಬಾಗಿನವರೆಗೆ ಮೆಲ್ಲಗೆ ಇಳಿಸಿ, ಒಂದೆರಡು ಸುತ್ತು ತಿರುಗಿಸಿ, ನಿಧಾನವಾಗಿ ಮೇಲೆಳೆಯಬೇಕು. ಜಗ್ಗಿ ಎಳೆದರೆ ಗಂಟು ನಡುವೆ ಹರಿದು ಉಳಿದರ್ಧ ಇನ್ನೂ ಒಳಕ್ಕೆ ಜಾರುತ್ತದೆ. ಸರಿಯಾಗಿ ಸಿಕ್ಕರೆ ಬೂದುಗಪ್ಪು ಬಣ್ಣದ, ಬೆರಳಿಗಿಂತ ದಪ್ಪನೆಯ ಹುರಿಯೊಂದು ಲೋಳೆ ಸುರಿಸುತ್ತ ಬರುತ್ತದೆ. ನಡುನಡುವೆ ಸಾಬೂನಿನ ಬಿಳಿ ಮೆತ್ತಿರುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ವಾಸನೆ ಹೈಡ್ರೋಜನ್ ಸಲ್ಫೈಡಿನದು, ಆದ್ದರಿಂದ ಕಿಟಕಿ ತೆರೆದಿರಬೇಕು. ಏನೂ ಬಾರದವರೆಗೆ ಮತ್ತೆ ಮತ್ತೆ ಇಳಿಸಿ ತೆಗೆದು, ಕೊನೆಗೆ ಒಂದು ಬಕೆಟ್ ಬಿಸಿನೀರನ್ನು ಒಟ್ಟಿಗೆ ಸುರಿಯಬೇಕು. ನೀರು ಕೊತಕೊತ ಕುದಿಯುತ್ತಿರಬಾರದು. ಈಗಿನ ಪೈಪುಗಳಲ್ಲಿ ಹೆಚ್ಚಿನವು ಯುಪಿವಿಸಿಯವು. ಅವು 60 ಡಿಗ್ರಿಗಿಂತ ಹೆಚ್ಚಿನ ಬಿಸಿಯನ್ನು ಹೊತ್ತುಗಟ್ಟಲೆ ತಾಳುವುದಕ್ಕೆಂದು ಮಾಡಿದವಲ್ಲ. ಎಣ್ಣೆಯನ್ನು ಕರಗಿಸಲು ಕೈಗೆ ಸುಡುವಷ್ಟು ಬಿಸಿ ಸಾಕು.

ತಂತಿಗೆ ಎಟುಕದಿದ್ದರೆ ಪ್ಲಂಜರ್. ಅದರ ರಬ್ಬರ್ ಬಟ್ಟಲು ನೀರಿನಲ್ಲಿ ಮುಳುಗಿರಬೇಕು, ವಾಷ್‌ಬೇಸಿನ್ನಿನ ಬಾಯನ್ನೂ ಅದರ ಮೇಲಂಚಿನ ತೂತನ್ನೂ ಒದ್ದೆ ಬಟ್ಟೆಯಿಂದ ಬಿಗಿಯಾಗಿ ಮುಚ್ಚಿರಬೇಕು. ಇದನ್ನು ಮರೆತರೆ ಒತ್ತಡವೆಲ್ಲ ಅಲ್ಲಿಂದ ಹೊರಟುಹೋಗುತ್ತದೆ. ಒತ್ತುವುದಕ್ಕಿಂತ ಎಳೆಯುವುದರಲ್ಲಿ ಬಲ ಹಾಕಬೇಕು. ಬಿದಿರು ದಬ್ಬೆ, ಪೊರಕೆಯ ಹಿಡಿ ಹಾಕಿ ಕುಟ್ಟುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಅದರಿಂದ ಸಡಿಲವಾಗಿದ್ದ ಗಂಟು ಬೆಣೆಯಂತೆ ಬಿಗಿಯುತ್ತದೆ, ಟ್ರ್ಯಾಪಿನ ಬೆಸುಗೆ ಬಿಟ್ಟು ಕೆಳಮನೆಯ ಛಾವಣಿಯಲ್ಲಿ ತೇವ ಕಾಣಿಸಿಕೊಳ್ಳುತ್ತದೆ.

ಇನ್ನೂ ಆಳದಲ್ಲಿದ್ದರೆ ಪ್ಲಂಬರು ತರುವ ಸ್ಪ್ರಿಂಗ್ ಬೇಕಾಗುತ್ತದೆ. ಬಾಗುಗಳಲ್ಲಿ ಬಳುಕುತ್ತ ಹೋಗುವ ಈ ಉಕ್ಕಿನ ಸುರುಳಿಯನ್ನು ತಿರುಗಿಸಿದಾಗ ತುದಿಯ ಕೊಕ್ಕೆಗೆ ಕೂದಲು ಸುತ್ತಿಕೊಳ್ಳುತ್ತದೆ. ಅಮೆರಿಕದ ಅಯೋವಾ ರಾಜ್ಯದ ಸ್ಯಾಮ್ಯುಯೆಲ್ ಬ್ಲ್ಯಾಂಕ್ 1930ರ ದಶಕದಲ್ಲಿ ಇದನ್ನು ಬಟ್ಟೆ ಒಗೆಯುವ ಯಂತ್ರದ ಮೋಟಾರಿಗೆ ಜೋಡಿಸಿ ಚರಂಡಿಯೊಳಗಿನ ಮರದ ಬೇರುಗಳನ್ನು ಕತ್ತರಿಸುವ ಯಂತ್ರ ಮಾಡಿದ. ಇಂದಿನ ಮೋಟಾರು ಸ್ಪ್ರಿಂಗುಗಳ ವಂಶ ಅಲ್ಲಿಗೆ ಹೋಗುತ್ತದೆ.

ಸುರಿಯುವ ಮದ್ದುಗಳು

ಅಡುಗೆ ಸೋಡಾ ಮತ್ತು ವಿನೆಗರ್ ಹಾಕಿದರೆ ಬುಸುಬುಸು ನೊರೆ ಬರುತ್ತದೆ, ಕೆಲಸ ನಡೆಯುತ್ತಿದೆ ಎನಿಸುತ್ತದೆ. ನಿಜವಾಗಿ ಅಲ್ಲಿ ಆಮ್ಲವೂ ಕ್ಷಾರವೂ ಒಂದನ್ನೊಂದು ಶಮನ ಮಾಡಿ ಸೋಡಿಯಂ ಅಸಿಟೇಟ್, ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತವೆ. ಇವು ಮೂರೂ ಕೂದಲನ್ನು ಮುಟ್ಟುವುದಿಲ್ಲ. ವಾಸನೆ ಸ್ವಲ್ಪ ಕಡಿಮೆಯಾಗಬಹುದು, ಅಷ್ಟೇ.

ಕಾಸ್ಟಿಕ್ ಸೋಡಾ ಕೂದಲನ್ನು ನಿಜವಾಗಿಯೂ ಕರಗಿಸುತ್ತದೆ. ಸಿನ್ಸಿನಾಟಿಯ ಹ್ಯಾರಿ ಡ್ರ್ಯಾಕೆಟ್ 1923ರಲ್ಲಿ ಕಾಸ್ಟಿಕ್ ಸೋಡಾಕ್ಕೆ ಅಲ್ಯೂಮಿನಿಯಂ ಚೂರು ಬೆರೆಸಿ ಡ್ರೇನೋ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ. ನೀರು ತಗುಲಿದಾಗ ಕಾವೂ ಹೈಡ್ರೋಜನ್ ಗುಳ್ಳೆಗಳೂ ಹುಟ್ಟಿ ಕೊಳೆ ಸಡಿಲವಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಡ್ರೇನ್ ಕ್ಲೀನರ್ ಪುಡಿಗಳಲ್ಲೂ ಮುಖ್ಯ ವಸ್ತು ಸಾಮಾನ್ಯವಾಗಿ ಕಾಸ್ಟಿಕ್ ಸೋಡಾವೇ. ತೆಳು ಪದರಕ್ಕೆ ಇದು ಆಗುತ್ತದೆ. ನೀರು ಪೂರ್ತಿ ನಿಂತ ಬಚ್ಚಲಿಗೆ ಹಾಕಿದರೆ ಮದ್ದು ಗಂಟಿನ ಮೇಲ್ಮೈಯಷ್ಟನ್ನೇ ತಿಂದು ಅಲ್ಲೇ ನಿಲ್ಲುತ್ತದೆ. ನೀರು ಕಡಿಮೆಯಾದರೆ ಪುಡಿ ಕಲ್ಲಿನಂತೆ ಗಟ್ಟಿಯಾಗಿ ಕೂದಲಿಗಿಂತ ದೊಡ್ಡ ತಡೆಯಾಗುತ್ತದೆ. ಬಳಸಲೇಬೇಕಾದರೆ ಪ್ಯಾಕೆಟ್ಟಿನ ಮೇಲಿನ ಸೂಚನೆಯ ಪ್ರಕಾರ, ಗ್ಲೌಸು ಕನ್ನಡಕ ಹಾಕಿಕೊಂಡು, ಮಕ್ಕಳನ್ನು ದೂರವಿಟ್ಟು ಬಳಸಬೇಕು. ಚರ್ಮಕ್ಕೋ ಕಣ್ಣಿಗೋ ಸಿಡಿದರೆ ಕನಿಷ್ಠ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆಯುತ್ತಲೇ ಇರಬೇಕು, ಆಮೇಲೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಿಂಬೆಹಣ್ಣು, ವಿನೆಗರ್ ಹಚ್ಚಿ ಸರಿಮಾಡಲು ಹೋಗಬಾರದು. ಮಗು ನುಂಗಿದ್ದರೆ ವಾಂತಿ ಮಾಡಿಸಬಾರದು.

ಶೌಚಾಲಯ ತೊಳೆಯುವ ಆಮ್ಲದ ದ್ರಾವಣದಿಂದ ಕೂದಲು ಕರಗುವುದಿಲ್ಲ. ಅದನ್ನು ಬ್ಲೀಚಿಂಗ್ ಪೌಡರಿನ ಮೇಲೆ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಚಿಕ್ಕ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಅಪಾಯ. ಒಂದು ಮದ್ದು ಕೆಲಸ ಮಾಡಲಿಲ್ಲವೆಂದು ಅದರ ಮೇಲೆ ಇನ್ನೊಂದನ್ನು ಸುರಿಯುವುದೇ ಬಚ್ಚಲು ತೊಳೆಯುವಾಗ ಆಗುವ ಅನಾಹುತಗಳ ಮೂಲ. ಸಲ್ಫ್ಯೂರಿಕ್ ಆಮ್ಲ ಕೂದಲನ್ನು ತಿನ್ನುತ್ತದೆ ನಿಜ, ಆದರೆ ಅದು ಮನೆಯಲ್ಲಿ ಇಡುವ ವಸ್ತುವಲ್ಲ. ಆಸಿಡ್ ದಾಳಿಗಳ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ನೀಡಿದ ಆದೇಶದಂತೆ ಕೊಳ್ಳುವವರ ಗುರುತು ಮತ್ತು ಕಾರಣ ದಾಖಲಿಸದೆ ಅಥವಾ 18 ವರ್ಷ ತುಂಬದವರಿಗೆ ಇಂಥ ಆಮ್ಲ ಮಾರುವಂತಿಲ್ಲ. ಕಿಣ್ವದ ದ್ರಾವಣಗಳು ನಿರಪಾಯ. ಜಿಡ್ಡು, ಲೋಳೆಯನ್ನು ರಾತ್ರಿಯಿಡೀ ನಿಧಾನವಾಗಿ ಅರಗಿಸುತ್ತವೆ. ಕಟ್ಟಿದ ಕೂದಲನ್ನು ಬಿಡಿಸುವ ಶಕ್ತಿ ಅವಕ್ಕಿಲ್ಲ.

ತಡೆ

ಉಪಾಯ ಸರಳ: ಕೂದಲು ನೀರಿಗೆ ಬೀಳುವ ಮುನ್ನ ಹಿಡಿಯಬೇಕು. ತಲೆಸ್ನಾನಕ್ಕೆ ಮೊದಲು ಸಿಕ್ಕು ಬಿಡಿಸಿ ಬಾಚಿದರೆ ಸಡಿಲವಾದ ಎಳೆಗಳಲ್ಲಿ ಹೆಚ್ಚಿನವು ಬಾಚಣಿಗೆಗೆ ಬರುತ್ತವೆ. ಜಾಲಿಯ ತೂತು ಸಣ್ಣದಿರಬೇಕು, ಅಥವಾ ಅದರ ಮೇಲೆ ಸಿಲಿಕೋನಿನ ಕೂದಲು ಸೋಸುವ ಬಟ್ಟಲು ಇಡಬೇಕು. ಪ್ರತಿ ಸ್ನಾನದ ನಂತರ ಜಾಲಿಯ ಮೇಲಿನ ಕೂದಲನ್ನು ಕಾಗದದಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಬೇಕು. ಕಾಲಿನಿಂದ ತೂತಿಗೆ ನೂಕುವುದು, ಕಮೋಡಿಗೆ ಹಾಕಿ ಫ್ಲಷ್ ಮಾಡುವುದು ಎರಡೂ ತಪ್ಪು. ತಿಂಗಳಿಗೊಮ್ಮೆ ಜಾಲಿ ಬಿಚ್ಚಿ ಒಳಗೆ ಬ್ರಷ್ಷಿನಿಂದ ಉಜ್ಜಬೇಕು. ಬೇಸಿಗೆ ರಜೆಗೆ ಊರಿಗೆ ಹೋಗಿ ಬಂದಾಗ ಬರುವ ವಾಸನೆ ಬಹುತೇಕ ಟ್ರ್ಯಾಪಿನ ನೀರು ಒಣಗಿದ್ದರಿಂದ. ಒಂದು ಚೊಂಬು ನೀರು ಹಾಕಿದರೆ ಹೋಗುತ್ತದೆ.

ಮನೆ ಕಟ್ಟಿಸುವವರು ಗಮನಿಸಬೇಕಾದ್ದು ಮೂರು: ಟೈಲ್ಸ್ ಕೆಲಸ ಮುಗಿಯುವವರೆಗೆ ಟ್ರ್ಯಾಪಿನ ಬಾಯಿ ಮುಚ್ಚಿರಬೇಕು, ನೆಲಕ್ಕೂ ಪೈಪಿಗೂ ಸಾಕಷ್ಟು ವಾಟ ಇರಬೇಕು, ಪೈಪು ತಿರುಗುವಲ್ಲಿ ಬಿಚ್ಚಿ ನೋಡಬಹುದಾದ ಬಾಗಿಲಿರಬೇಕು. ಮೂರನೆಯದನ್ನು ಬಿಟ್ಟು ಉಳಿಸುವ ಹಣ ಮುಂದೆ ಟೈಲ್ಸ್ ಒಡೆಸುವಾಗ ಹತ್ತುಪಟ್ಟಾಗಿ ಹೋಗುತ್ತದೆ.

ಬಾಚಣಿಗೆಗೆ ಬಂದ ಒಣ ಕೂದಲಿಗೆ ಬೆಲೆಯೂ ಇದೆ. ಬೀದಿಯಲ್ಲಿ ಕೂಗುತ್ತ ಬಂದು ಕೂದಲಿಗೆ ಪಾತ್ರೆ, ಪಿನ್ನು ಕೊಡುವ ವ್ಯಾಪಾರಿಗಳು ಸಂಗ್ರಹಿಸಿದ್ದು ಸಂಸ್ಕರಣೆಗೆ ಹೋಗುತ್ತದೆ. ಕೊಪ್ಪಳಕ್ಕೆ ಹೊಂದಿಕೊಂಡಿರುವ ಭಾಗ್ಯನಗರ ಈ ಉದ್ಯಮಕ್ಕೆ ಹೆಸರಾದ ಊರು. ಸಿಕ್ಕು ಬಿಡಿಸಿ, ತೊಳೆದು, ಅಳತೆಗೆ ತಕ್ಕಂತೆ ಜೋಡಿಸಿದ ಕೂದಲು ವಿಗ್ಗಾಗುತ್ತದೆ. ಬಚ್ಚಲ ಪೈಪಿನಿಂದ ತೆಗೆದದ್ದಕ್ಕೆ ಆ ಯೋಗ್ಯತೆ ಇರುವುದಿಲ್ಲ.

ಮುಂದಕ್ಕೆ ತಳ್ಳಿದ ಕೂದಲು ಮಾಯವಾಗುವುದಿಲ್ಲ. ಅದು ಛೇಂಬರಿನಲ್ಲಿ ಸೇರುತ್ತದೆ, ಅಪಾರ್ಟ್‌ಮೆಂಟಿನ ಕೊಳಚೆನೀರು ಶುದ್ಧೀಕರಣ ಘಟಕದ ಪಂಪಿಗೆ ಸುತ್ತಿಕೊಳ್ಳುತ್ತದೆ, ಸೆಪ್ಟಿಕ್ ಟ್ಯಾಂಕಿನಲ್ಲಿ ಅರಗದೆ ಉಳಿಯುತ್ತದೆ. ಕೊನೆಗೆ ಅದನ್ನು ತೆಗೆಯಬೇಕಾದವರು ಯಾರೋ ಕೆಲಸಗಾರರು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು ನಿಷೇಧಿಸಿದೆ, ತಪ್ಪಿದರೆ ಜೈಲು ಶಿಕ್ಷೆಯಿದೆ. ಪ್ಲಂಬರನ್ನು ಕರೆದಾಗ ಬಚ್ಚಲಿಗೆ ಮೊದಲೇ ಕಾಸ್ಟಿಕ್ಕೋ ಆಮ್ಲವೋ ಸುರಿದಿದ್ದರೆ ಅದನ್ನು ಅವರು ಕೈ ಹಾಕುವ ಮುನ್ನ ಹೇಳಿ, ಗ್ಲೌಸು ಇಲ್ಲದಿದ್ದರೆ ಕೊಡಿ. ಛೇಂಬರೊಳಗೆ ಮನುಷ್ಯರನ್ನು ಇಳಿಸಬೇಡಿ. ಆ ಕೆಲಸಕ್ಕೆ ಜೆಟ್ಟಿಂಗ್ ಯಂತ್ರಗಳಿವೆ.